ಓದುಗರ ಪ್ರಶ್ನೆ: ಕಷ್ಟದ ವರ್ಷದ ಬಜೆಟ್, ಶಾಲೆಯ ದುಡ್ಡು

ರಾಜ್ಯ ಬಜೆಟ್ ಬಗ್ಗೆ ಏನು ಬೇಕಾದರೂ ಕೇಳಿ ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಮಂಗಳೂರು, ಉಡುಪಿ ಎರಡೂ ಕಡೆಯಿಂದ ಪತ್ರ ಬಂದಿವೆ. ಹೆಚ್ಚಿನವರ ಚಿಂತೆ ಒಂದೇ. ವ್ಯಾಪಾರ ಬಿದ್ದು ಕೆಲಸ ಹೋಗುವ ಕಾಲ, ಅಂದರೆ ಹಿಂಜರಿತ, ಬಂದರೆ ಸರ್ಕಾರ ಉದ್ಯೋಗಕ್ಕೂ ಶಾಲೆಗೂ ಎಷ್ಟು ಇಡಬೇಕು, ಎಲ್ಲಿಂದ ತರಬೇಕು? ಕೆಲವು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಹೆಸರು ಹಾಕಿಲ್ಲ, ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಸರ್, ನಮ್ಮದು ಮೀನುಗಾರರ ಮನೆ. ಸಂಪಾದನೆ ಕಮ್ಮಿಯಾದ ವರ್ಷ ನಾವು ಖರ್ಚು ಕಮ್ಮಿ ಮಾಡ್ತೇವೆ. ಸರ್ಕಾರ ಮಾತ್ರ ಹಿಂಜರಿತದ ಕಾಲದಲ್ಲಿ ಸಾಲ ಮಾಡಿಯಾದರೂ ಖರ್ಚು ಮಾಡಬೇಕು ಅಂತ ಪೇಪರಲ್ಲಿ ಬರೀತಾರೆ. ಇದು ಸರಿಯಾ? (ಮಲ್ಪೆ)

ಅಣ್ಣ, ನಿಮ್ಮ ಕಸುಬಿನಿಂದಲೇ ಶುರು ಮಾಡೋಣ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟ್ ಕಡಲಿಗೆ ಇಳಿಯುವ ಹಾಗಿಲ್ಲ. ಆದಾಯ ಇಲ್ಲ. ಆದರೆ ಆ ಎರಡು ತಿಂಗಳಲ್ಲೇ ಅಲ್ವಾ ನೀವು ಬೋಟ್ ಮೇಲೆಳೆದು ಹಲಗೆ ಬದಲಿಸುವುದು, ಇಂಜಿನ್ ಬಿಚ್ಚುವುದು, ಬಲೆ ರಿಪೇರಿ ಮಾಡಿಸುವುದು? ಮಳೆಗಾಲದಲ್ಲಿ ಬಂದರಿಗೆ ಹೋದರೆ ಶೆಡ್ಡಿನ ಅಡಿಯಲ್ಲಿ ನಾಲ್ಕೈದು ಜನ ಕಾಲು ಚಾಚಿ ಕೂತು, ಬಲೆಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಹರಿದ ಕಣ್ಣುಗಳನ್ನು ಒಂದೊಂದಾಗಿ ಹೆಣೆಯುತ್ತಾ ಇರುವುದು ಕಾಣುತ್ತದೆ. ಅವರಿಗೆ ಆ ದಿನದ ಕೂಲಿ ಆ ದಿನವೇ ಕೊಡಬೇಕು. ಎಷ್ಟೋ ಸಲ ಅದು ಸಾಲದ ದುಡ್ಡೇ ಆಗಿರುತ್ತದೆ. ಆದಾಯ ಇಲ್ಲ ಅಂತ ಆ ಕೆಲಸ ಬಿಟ್ಟರೆ ಆಗಸ್ಟ್‌ನಲ್ಲಿ ಕಡಲಿಗೆ ಇಳಿಯುವುದು ಹೇಗೆ?

ಇನ್ನೊಂದು ವಿಷಯ ಉಂಟು. ಮನೆಗೂ ಸರ್ಕಾರಕ್ಕೂ ಇರುವ ದೊಡ್ಡ ವ್ಯತ್ಯಾಸ ಅದೇ. ನೀವು ಈ ತಿಂಗಳು ಹೊಸ ಬಟ್ಟೆ ತೆಗೆದುಕೊಳ್ಳದಿದ್ದರೆ ನಿಮ್ಮ ಆದಾಯವೇನೂ ಕಮ್ಮಿಯಾಗುವುದಿಲ್ಲ. ಸರ್ಕಾರದ್ದು ಹಾಗಲ್ಲ. ಅದು ಶಿಕ್ಷಕರ ಸಂಬಳ ನಿಲ್ಲಿಸಿದರೆ ಆ ಶಿಕ್ಷಕಿ ಮೀನು ತರುವುದು ಬಿಡುತ್ತಾರೆ, ಆಟೋ ಬಿಟ್ಟು ನಡೆದು ಹೋಗುತ್ತಾರೆ, ಟೈಲರ್ ಹತ್ತಿರ ಕೊಟ್ಟ ಬಟ್ಟೆ ವಾಪಸ್ ತರುತ್ತಾರೆ. ಮೀನು ಮಾರುವವರಿಗೂ ಆಟೋದವರಿಗೂ ಟೈಲರಿಗೂ ಕಮ್ಮಿಯಾಯಿತು. ಅವರು ಕೊಂಡುಕೊಳ್ಳುವುದೂ ಕಮ್ಮಿಯಾಗಿ ಕೊನೆಗೆ ಸರ್ಕಾರಕ್ಕೆ ಬರುವ ತೆರಿಗೆಯೂ ಇಳಿಯುತ್ತದೆ. ಉಳಿಸಲು ಹೋಗಿ ಕಳೆದುಕೊಂಡ ಹಾಗಾಯಿತು. 1930ರ ದಶಕದ ಮಹಾ ಕುಸಿತದ ಕಾಲದಲ್ಲಿ ಕೇನ್ಸ್ ಎಂಬ ಅರ್ಥಶಾಸ್ತ್ರಜ್ಞರು ಬಿಡಿಸಿ ಹೇಳಿದ್ದು ಇದನ್ನೇ.

ಹಾಗಂತ ರಾಜ್ಯ ಸರ್ಕಾರ ಎಷ್ಟು ಬೇಕಾದರೂ ಸಾಲ ತರಬಹುದು ಅಂತಲ್ಲ. ನೋಟು ಮುದ್ರಿಸುವ ಅಧಿಕಾರ ರಾಜ್ಯಕ್ಕಿಲ್ಲ. ಕೇಂದ್ರಕ್ಕೆ ಹಳೆಯ ಬಾಕಿ ಇದ್ದರೆ ಸಂವಿಧಾನದ 293ನೇ ವಿಧಿಯ ಪ್ರಕಾರ ಹೊಸ ಸಾಲಕ್ಕೆ ಕೇಂದ್ರದ ಒಪ್ಪಿಗೆ ಬೇಕು. ಕರ್ನಾಟಕದಲ್ಲಿ 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಬೇರೆ ಉಂಟು. ವಿತ್ತೀಯ ಕೊರತೆ, ಅಂದರೆ ಆದಾಯ ಸಾಲದೆ ಸಾಲದಿಂದ ತುಂಬಿಸುವ ಖರ್ಚು, ರಾಜ್ಯದ ಒಟ್ಟು ಉತ್ಪಾದನೆಯ ಶೇ. 3 ದಾಟಬಾರದು ಅನ್ನುತ್ತದೆ ಅದು. ಕೋವಿಡ್ ಬಂದು 2020ರ ಏಪ್ರಿಲ್‌ನಿಂದ ಜೂನ್‌ವರೆಗೆ ದೇಶದ ಉತ್ಪಾದನೆ, ಮೊದಲ ಅಂದಾಜಿನಂತೆ, ಶೇ. 23.9 ಕುಸಿದಾಗ ಕೇಂದ್ರವೇ ಆ ಮಿತಿಯನ್ನು ಒಂದು ವರ್ಷಕ್ಕೆ ಶೇ. 5ಕ್ಕೆ ಏರಿಸಿತು, ನಮ್ಮ ಕಾಯ್ದೆಗೂ ತಿದ್ದುಪಡಿಯಾಯಿತು. ಆದರೆ ಹೆಚ್ಚುವರಿ ಸಾಲದ ಒಂದು ಪಾಲಿಗೆ ಕೇಂದ್ರ ಷರತ್ತು ಹಾಕಿತ್ತು. ರೇಷನ್ ಕಾರ್ಡ್, ಉದ್ಯಮಗಳಿಗೆ ಅನುಕೂಲ, ವಿದ್ಯುತ್ ವಿತರಣೆ, ನಗರಸಭೆಗಳ ಆದಾಯ, ಈ ನಾಲ್ಕರಲ್ಲಿ ಸುಧಾರಣೆ ಆಗಬೇಕು ಅಂತ. ಶಾಲೆ ಆ ಪಟ್ಟಿಯಲ್ಲಿ ಇರಲಿಲ್ಲ. ಇದು ನನಗೆ ಇವತ್ತಿಗೂ ಬೇಸರದ ವಿಷಯ.

ಪ್ರಶ್ನೆ: ಒಂದು ವರ್ಷ ಶಿಕ್ಷಣದ ದುಡ್ಡು ಸ್ವಲ್ಪ ಕಡಿತ ಮಾಡಿ ಮುಂದಿನ ವರ್ಷ ಕೊಟ್ಟರಾಯ್ತಲ್ಲ. ಅದರಲ್ಲಿ ಅಂಥಾ ನಷ್ಟ ಎಂತ? (ಕಾಪು)

ರಸ್ತೆಯ ಡಾಮರು ಒಂದು ವರ್ಷ ಮುಂದೆ ಹೋದರೆ ಹೊಂಡ ತಪ್ಪಿಸಿಕೊಂಡು ಹೋಗಬಹುದು. ಎಂಟನೇ ಕ್ಲಾಸಿನ ಹುಡುಗಿ ಮುಂದಿನ ವರ್ಷ ಒಂಬತ್ತಕ್ಕೆ ಹೋಗಿರುತ್ತಾಳೆ. ಅವಳಿಗೆ ಎಂಟನೇ ಕ್ಲಾಸಿನ ದುಡ್ಡು ಆಮೇಲೆ ಕೊಟ್ಟು ಪ್ರಯೋಜನ ಇಲ್ಲ.

ಸೈಕಲ್ಲಿನ ಕಥೆಯನ್ನೇ ನೋಡಿ. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾಗಿತ್ತು. ಕೋವಿಡ್ ವರ್ಷದಲ್ಲಿ ನಿಂತಿತು. ಶಾಲೆ ಮುಚ್ಚಿದೆ, ಸೈಕಲ್ ಯಾಕೆ ಅಂದರೆ ಒಪ್ಪಬಹುದಿತ್ತು. ಆದರೆ ಶಾಲೆ ತೆರೆದ ಮೇಲೂ ವರ್ಷಗಟ್ಟಲೆ ಸೈಕಲ್ ಬರಲಿಲ್ಲ. ಸರ್ಕಾರಿ ಬಸ್ಸಿನಲ್ಲಿ ಹುಡುಗಿಯರಿಗೆ ಟಿಕೆಟ್ ಇಲ್ಲವಲ್ಲ ಅಂತ ಹೇಳುವವರಿದ್ದಾರೆ. ನಿಜ, 2023ರ ಜೂನ್‌ನಿಂದ ಶಕ್ತಿ ಯೋಜನೆ ಉಂಟು. ಆದರೆ ನಮ್ಮ ಎರಡು ಜಿಲ್ಲೆಗಳ ಹೆಚ್ಚಿನ ಮಾರ್ಗಗಳಲ್ಲಿ ಓಡುವುದು ಖಾಸಗಿ ಬಸ್ಸು. ಅಲ್ಲಿ ಟಿಕೆಟ್ ತೆಗೆಯಲೇಬೇಕು. ಬಸ್ಸೇ ಬಾರದ ಗುಡ್ಡದ ದಾರಿಗಳೂ ಉಂಟು. ಕಷ್ಟದ ವರ್ಷದಲ್ಲಿ ಕಡಿದ ದುಡ್ಡು ಒಳ್ಳೆಯ ವರ್ಷದಲ್ಲಿ ತಾನಾಗಿ ಹಿಂದೆ ಬರುವುದಿಲ್ಲ, ಯಾರಾದರೂ ಕೇಳಬೇಕು.

2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಅಂತ ಶುರು ಮಾಡಿದ್ದರು, ನೆನಪುಂಟಾ? ಶಿಕ್ಷಕರು ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಮಾಡುವುದು. ನಮ್ಮೂರಲ್ಲಿ ಭಜನಾ ಮಂದಿರದ ಜಗಲಿಯೇ ಕ್ಲಾಸು. ಮಳೆ ಜೋರು, ಮಾಡಿನ ನೀರು ಸಾಲಾಗಿ ಬೀಳುತ್ತಿತ್ತು, ಟೀಚರ್ ಸ್ವರ ಕೇಳುವುದಿಲ್ಲ ಅಂತ ಮಕ್ಕಳು ಮುಂದೆ ಮುಂದೆ ಸರಿಯುತ್ತಿದ್ದರು. ಒಬ್ಬಳು ಹುಡುಗಿ ತಂಬಾಕಿನ ವಾಸನೆ ಹೋಗದ ಕೈಯಲ್ಲೇ ಲೆಕ್ಕ ಬರೆಯುತ್ತಿದ್ದಳು. ಬೆಳಿಗ್ಗೆ ಅಮ್ಮನ ಜೊತೆ ಬೀಡಿ ಕಟ್ಟಿ ಬರುತ್ತಿದ್ದಳಂತೆ. ಬೊಂಬಾಯಿಯ ಹೋಟೆಲಿನಲ್ಲಿದ್ದ ಅಪ್ಪ ಕೆಲಸ ಬಿಟ್ಟು ಊರಿಗೆ ಬಂದಿದ್ದರು. ಅಕ್ಟೋಬರಿನಲ್ಲಿ ವಿದ್ಯಾಗಮವೂ ನಿಂತಿತು. ಆ ಹುಡುಗಿಗೆ ಆ ವರ್ಷ ಯಾರು ವಾಪಸ್ ಕೊಡುತ್ತಾರೆ?

ಕಷ್ಟದ ಕಾಲದಲ್ಲೇ ಸರ್ಕಾರಿ ಶಾಲೆಗೆ ಮಕ್ಕಳು ಜಾಸ್ತಿ ಬರುತ್ತಾರೆ ಅನ್ನುವುದನ್ನೂ ಮರೆಯಬೇಡಿ. ಫೀಸು ಕಟ್ಟಲಾಗದೆ ಖಾಸಗಿ ಶಾಲೆಯಿಂದ ಟಿಸಿ ತರುತ್ತಾರೆ. ಹಳ್ಳಿ ಮಕ್ಕಳ ಓದಿನ ಬಗ್ಗೆ ನಡೆಯುವ ಅಸರ್ ಸಮೀಕ್ಷೆ ನೋಡಿದರೆ, ದೇಶದ ಹಳ್ಳಿಗಳಲ್ಲಿ 2018ರಲ್ಲಿ ಶೇ. 64.3 ಮಕ್ಕಳು ಸರ್ಕಾರಿ ಶಾಲೆಯಲ್ಲಿದ್ದರು, 2021ರಲ್ಲಿ ಶೇ. 70.3. ಅಂದರೆ ಖಜಾನೆಗೆ ಬರುವುದು ಇಳಿದ ಹೊತ್ತಿಗೇ ಬಿಸಿಯೂಟದ ತಟ್ಟೆ ಜಾಸ್ತಿ ಬೇಕು, ಬೆಂಚು ಜಾಸ್ತಿ ಬೇಕು, ಟೀಚರ್ ಜಾಸ್ತಿ ಬೇಕು. ಅಂಥ ವರ್ಷ ಕಡಿತ ಮಾಡಿದರೆ ಏಟು ಎರಡು ಕಡೆಯಿಂದ ಬೀಳುತ್ತದೆ.

ಅಮೆರಿಕದಲ್ಲಿ 2008ರ ಕುಸಿತದ ಮೇಲೆ ಇದು ದೊಡ್ಡದಾಗಿ ಆಯಿತು. ಅಲ್ಲಿ ಬಹುತೇಕ ಎಲ್ಲಾ ರಾಜ್ಯಗಳು ವರ್ಷದ ಆದಾಯ-ಖರ್ಚು ಸರಿತೂಗಿಸಲೇಬೇಕು ಅನ್ನುವ ನಿಯಮ ಉಂಟು. ತೆರಿಗೆ ಬಿದ್ದ ಕೂಡಲೇ ಶಾಲೆಗೆ ಕತ್ತರಿ. 2009ರಲ್ಲಿ ಕೇಂದ್ರ ಸರ್ಕಾರ ದೊಡ್ಡ ನೆರವು ಕೊಟ್ಟಿತು, ಅದರಲ್ಲಿ ಸುಮಾರು 5,360 ಕೋಟಿ ಡಾಲರ್ ರಾಜ್ಯಗಳಿಗೆ ಮುಖ್ಯವಾಗಿ ಶಿಕ್ಷಣ ಉಳಿಸಿಕೊಳ್ಳಲಿಕ್ಕೆ ಹೋಯಿತು. ಆ ದುಡ್ಡು ಮುಗಿದ ಮೇಲೆ ಮತ್ತೆ ಕಡಿತ. ಹೆಚ್ಚು ಕಡಿತವಾದ ಕಡೆ ಮಕ್ಕಳ ಅಂಕವೂ ಇಳಿಯಿತು, ಕಾಲೇಜು ಸೇರುವವರೂ ಕಮ್ಮಿಯಾದರು ಅಂತ ಆಮೇಲೆ ಅರ್ಥಶಾಸ್ತ್ರಜ್ಞರು ತೋರಿಸಿದರು.

ಪ್ರಶ್ನೆ: ಪ್ರತಿ ವರ್ಷವೂ ಶಿಕ್ಷಣಕ್ಕೆ ಹಿಂದಿಗಿಂತ ಜಾಸ್ತಿ ಕೊಟ್ಟಿದ್ದೇವೆ ಅಂತಾರೆ. ನಿಜವೋ ಸುಳ್ಳೋ ನಾವೇ ನೋಡಿ ತಿಳಿಯುವುದು ಹೇಗೆ? ನಾನು ಬಿ.ಕಾಂ. ವಿದ್ಯಾರ್ಥಿ. (ಮೂಡುಬಿದಿರೆ)

ಒಳ್ಳೆಯ ಪ್ರಶ್ನೆ ತಮ್ಮಾ. ಭಾಷಣ ಬದಿಗಿಡು, ಲೆಕ್ಕ ಹಾಕು. 2024-25ರ ಬಜೆಟ್ ಗಾತ್ರ 3,71,383 ಕೋಟಿ, ಶಿಕ್ಷಣಕ್ಕೆ 44,422 ಕೋಟಿ. 2025-26ರಲ್ಲಿ ಗಾತ್ರ 4,09,549 ಕೋಟಿ, ಶಿಕ್ಷಣಕ್ಕೆ 45,286 ಕೋಟಿ. 864 ಕೋಟಿ ಜಾಸ್ತಿಯಾಗಿದ್ದು ನಿಜ. ಆದರೆ ಬಜೆಟ್ ಶೇ. 10ರಷ್ಟು ಬೆಳೆದಾಗ ಶಿಕ್ಷಣದ ದುಡ್ಡು ಬೆಳೆದದ್ದು ಶೇ. 2ರಷ್ಟು ಮಾತ್ರ. ಒಟ್ಟಿನಲ್ಲಿ ಅದರ ಪಾಲು ಶೇ. 12ರ ಹತ್ತಿರದಿಂದ ಶೇ. 11ಕ್ಕೆ ಇಳಿಯಿತು. ಸಂಬಳ, ತುಟ್ಟಿಭತ್ಯೆ ಏರಿದ್ದು ಕಳೆದರೆ ಪಾಠಕ್ಕೆ, ಪ್ರಯೋಗಾಲಯಕ್ಕೆ ಉಳಿಯುವುದು ಎಷ್ಟು ಅಂತ ನೀನೇ ಯೋಚಿಸು. ಇದು ಹಿಂಜರಿತದ ವರ್ಷವೂ ಅಲ್ಲ.

ಇನ್ನೂ ಒಳಗೆ ಹೋಗಬೇಕಾದರೆ ಹಣಕಾಸು ಇಲಾಖೆಯ ವೆಬ್‌ಸೈಟಿನಲ್ಲಿ ಬಜೆಟ್ ಪುಸ್ತಕಗಳಿವೆ. ಅದರಲ್ಲಿ ಲೆಕ್ಕ ಶೀರ್ಷಿಕೆಯ ನಂಬರ್, ಅಂದರೆ ಒಂದೊಂದು ಬಗೆಯ ಖರ್ಚಿಗೆ ಕೊಟ್ಟ ನಂಬರ್, ಹುಡುಕು. 2202 ಸಾಮಾನ್ಯ ಶಿಕ್ಷಣ, 2203 ತಾಂತ್ರಿಕ ಶಿಕ್ಷಣ, 2230 ಕಾರ್ಮಿಕ ಮತ್ತು ಉದ್ಯೋಗ, 2505 ಗ್ರಾಮೀಣ ಉದ್ಯೋಗ, 4202 ಶಾಲೆ ಕಾಲೇಜು ಕಟ್ಟಡದಂಥ ಬಂಡವಾಳ ವೆಚ್ಚ. ಪ್ರತಿಯೊಂದರ ಎದುರಿಗೂ ಹಿಂದಿನ ವರ್ಷದ ನಿಜವಾದ ಲೆಕ್ಕ, ಈ ವರ್ಷದ ಬಜೆಟ್ ಅಂದಾಜು, ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು ಇರುತ್ತದೆ. ಎಲ್ಲರೂ ಕೊನೆಯ ಕಾಲಮ್ ಮಾತ್ರ ನೋಡುತ್ತಾರೆ. ನೀನು ಬಜೆಟ್ ಅಂದಾಜನ್ನೂ ಪರಿಷ್ಕೃತ ಅಂದಾಜನ್ನೂ ಪಕ್ಕಪಕ್ಕ ಇಟ್ಟು ನೋಡು. ಮಾರ್ಚ್‌ನಲ್ಲಿ ಘೋಷಿಸಿ ವರ್ಷದ ನಡುವೆ ಸದ್ದಿಲ್ಲದೆ ಇಳಿಸಿದ ದುಡ್ಡು ಅಲ್ಲಿ ಸಿಗುತ್ತದೆ. ನಿನ್ನ ಕಾಲೇಜಿನ ಗೆಳೆಯರನ್ನೂ ಕೂರಿಸಿಕೊಂಡು ಮಾಡು, ಒಂದು ಭಾನುವಾರ ಸಾಕು.

ಪ್ರಶ್ನೆ: ಸರ್ಕಾರಿ ಪದವಿ ಕಾಲೇಜಿನಲ್ಲಿ ಎಂಟು ವರ್ಷದಿಂದ ಅತಿಥಿ ಉಪನ್ಯಾಸಕಿ. ಕೋವಿಡ್ ಕಾಲದಲ್ಲಿ ತಿಂಗಳುಗಟ್ಟಲೆ ಗೌರವಧನ ಬಂದಿರಲಿಲ್ಲ, ಬಳೆ ಮಾರಿ ದಿನ ಕಳೆದೆ. ಮತ್ತೆ ಹಿಂಜರಿತ ಬಂದರೆ ಮೊದಲು ತೆಗೆಯುವುದು ನಮ್ಮನ್ನೇ ಅಲ್ವಾ? (ಕುಂದಾಪುರ)

ನಿಮ್ಮ ಪತ್ರ ಓದಿ ತುಂಬಾ ಹೊತ್ತು ಸುಮ್ಮನೆ ಕೂತೆ. ಹೌದಕ್ಕ, ಈಗಿರುವ ಪದ್ಧತಿಯಲ್ಲಿ ನಿಮ್ಮ ಹೆದರಿಕೆ ಸರಿಯೇ. ಕಾಯಂ ಹುದ್ದೆಯ ಸಂಬಳ ಮುಟ್ಟುವುದು ಕಷ್ಟ, ಅತಿಥಿಗಳದ್ದು ಸುಲಭ. 2022ರ ಜನವರಿಯಲ್ಲಿ ಗೌರವಧನ 11-13 ಸಾವಿರ ಇದ್ದದ್ದು 26-32 ಸಾವಿರಕ್ಕೆ ಏರಿತು, ಅದು ಹೋರಾಟ ಮಾಡಿ ಪಡೆದದ್ದು. ಆದರೆ ಅದರ ಜೊತೆಗೇ ವಾರಕ್ಕೆ 15 ಗಂಟೆ ಪಾಠ ಅಂತಾಗಿ, ಇದ್ದ ಪಾಠ ಕಮ್ಮಿ ಜನರಿಗೆ ಹಂಚಿಹೋಗಿ ಎಷ್ಟೋ ಜನ ಹೊರಗುಳಿದರು. ಕಷ್ಟದ ವರ್ಷದ ಬಜೆಟ್ಟಿನಲ್ಲಿ ಉದ್ಯೋಗ ಉಳಿಸುತ್ತೇವೆ ಅಂತ ಸರ್ಕಾರ ಹೇಳುವುದಾದರೆ ಮೊದಲು ತಾನೇ ಕೆಲಸ ಕೊಟ್ಟವರನ್ನು ಉಳಿಸಬೇಕು. ಗೌರವಧನ ತಿಂಗಳು ತಿಂಗಳು ಕೊಡುವ ವ್ಯವಸ್ಥೆ ಆಗಬೇಕು. ಮೂರು ನಾಲ್ಕು ತಿಂಗಳದ್ದು ಒಟ್ಟಿಗೆ ಬಂದರೆ ಅಷ್ಟರಲ್ಲಿ ಬಳೆ ಹೋಗಿ ಆಗಿರುತ್ತದೆ.

ಪ್ರಶ್ನೆ: ಗಲ್ಫ್‌ನಿಂದ ಕೆಲಸ ಹೋಗಿ ಬಂದವನು. ವಯಸ್ಸು 46. ರಾಜ್ಯದ ಬಜೆಟ್ಟಿನಲ್ಲಿ ನನ್ನಂಥವರಿಗೆ ಏನಾದರೂ ಉಂಟಾ? (ಬಜಪೆ)

ನೇರವಾಗಿ ಹೇಳುತ್ತೇನೆ, ಇರಬೇಕಾದಷ್ಟು ಇಲ್ಲ. 2020ರ ಮೇ 12ರ ರಾತ್ರಿ, ಕೋವಿಡ್ ಕಾಲದಲ್ಲಿ ಊರಿಗೆ ಮರಳುವವರನ್ನು ಹೊತ್ತು, ದುಬೈನಿಂದ ಮೊದಲ ವಿಮಾನ ನಿಮ್ಮೂರಿನ ನಿಲ್ದಾಣದಲ್ಲೇ ಇಳಿಯಿತು. ಆ ಜನ ಎಷ್ಟು ವರ್ಷ ಊರಿಗೆ ದುಡ್ಡು ಕಳಿಸಿದವರು! ಪಕ್ಕದ ಕಾಸರಗೋಡಿನಲ್ಲಿ ನಿಮ್ಮ ಹಾಗೆ ಮರಳಿದವರಿಗೆ ಹೊರದೇಶದಲ್ಲಿ ದುಡಿಯುವ ಕೇರಳದವರಿಗಾಗಿ ಅಲ್ಲಿನ ಸರ್ಕಾರ ಮಾಡಿದ ನೋರ್ಕಾ ಮೂಲಕ 30 ಲಕ್ಷದವರೆಗಿನ ಉದ್ಯಮಕ್ಕೆ ಶೇ. 15 ಸಬ್ಸಿಡಿ ಉಂಟು, ಗರಿಷ್ಠ 3 ಲಕ್ಷ. ತಲಪಾಡಿ ಗೇಟಿನ ಈಚೆ ಅಂಥದ್ದು ಬೇಕು ಅಂತ ಕೇಳುವ ಹಕ್ಕು ನಮಗೂ ಉಂಟು. ಸದ್ಯಕ್ಕೆ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ ಪಿಎಂಇಜಿಪಿ ಬಗ್ಗೆ ವಿಚಾರಿಸಿ. ಅದು ಸ್ವಂತ ಉದ್ಯಮ ಶುರು ಮಾಡುವವರಿಗೆ ಕೇಂದ್ರದ ಯೋಜನೆ, ಮೇಲಿನ ವಯಸ್ಸಿನ ಮಿತಿ ಇಲ್ಲ, ವರ್ಗ ಮತ್ತು ಜಾಗ ನೋಡಿ ಶೇ. 15ರಿಂದ 35ರವರೆಗೆ ಸಬ್ಸಿಡಿ ಸಿಗುತ್ತದೆ.

ಪ್ರಶ್ನೆ: ಮಗ ಡಿಗ್ರಿ ಮುಗಿಸಿದ್ದಾನೆ, ಕೆಲಸ ಸಿಕ್ಕಿಲ್ಲ. ಯುವನಿಧಿಗೆ ಅರ್ಜಿ ಹಾಕು ಅಂದರೆ ಭಿಕ್ಷೆ ಬೇಡ ಅನ್ನುತ್ತಾನೆ. (ಕಾರ್ಕಳ)

ಭಿಕ್ಷೆ ಅಲ್ಲ ಅಂತ ನನ್ನ ಪರವಾಗಿ ಅವನಿಗೆ ಹೇಳಿ. ನೀವು ಸೋಪಿನಿಂದ ಪೆಟ್ರೋಲ್‌ವರೆಗೆ ಕೊಂಡದ್ದಕ್ಕೆಲ್ಲ ಯಾವುದಾದರೂ ರೂಪದಲ್ಲಿ ತೆರಿಗೆ ಕಟ್ಟಿದವರು. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಶುರುವಾದ ಯೋಜನೆ ಇದು. ಪದವಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಮುಂದೆ ಓದುತ್ತಿರುವವರಿಗೆ ಇಲ್ಲ. ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಅರ್ಜಿ, ಆಮೇಲೆ ಕೆಲಸ ಸಿಕ್ಕಿಲ್ಲ ಅಂತ ಸ್ವಯಂ ಘೋಷಣೆ ಕೊಡುತ್ತಿರಬೇಕು. ಕಾರ್ಕಳದಿಂದ ಮಂಗಳೂರಿಗೆ ಇಂಟರ್‌ವ್ಯೂಗೆ ನಾಲ್ಕು ಸಲ ಹೋಗಿ ಬಂದರೆ ಬಸ್ಸು, ಊಟ, ಜೆರಾಕ್ಸ್ ಅಂತ ಎಷ್ಟಾಗುತ್ತದೆ ಅಂತ ಅವನಿಗೇ ಗೊತ್ತು. ಅದಕ್ಕೆ ಆ ದುಡ್ಡು. ಆದರೆ ಅದೊಂದರಿಂದಲೇ ಕೆಲಸ ಹುಟ್ಟುವುದಿಲ್ಲ. ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 150 ಸರ್ಕಾರಿ ಐಟಿಐಗಳಿಗೆ ಹೊಸ ಯಂತ್ರ ತಂದಿದ್ದಾರೆ. ಹತ್ತಿರದ ಐಟಿಐಯಲ್ಲಿ ಅವನು ಸೇರಬಹುದಾದ ಕಿರು ಅವಧಿಯ ಕೋರ್ಸ್ ಇದೆಯಾ ಅಂತ ಒಮ್ಮೆ ಕೇಳಿಕೊಂಡು ಬರಲಿ.

ಪ್ರಶ್ನೆ: ಇಷ್ಟೆಲ್ಲಾ ಓದಿ ನಾವು ಮಾಡುವುದೇನು? ಬಜೆಟ್ ಬೆಂಗಳೂರಿನಲ್ಲಿ ಆಗುತ್ತದೆ. (ಬಂಟ್ವಾಳ)

ಬಜೆಟ್ ಮಂಡಿಸುವುದು ಹೆಚ್ಚಾಗಿ ಫೆಬ್ರವರಿ, ಮಾರ್ಚ್‌ನಲ್ಲಿ. ಇಲಾಖೆಗಳಿಂದ ಬೇಡಿಕೆ ಹೋಗುವುದು ಅದಕ್ಕೂ ತಿಂಗಳುಗಳ ಮೊದಲು. ಮಂಡಿಸಿದ ಮೇಲೆ ಪ್ರತಿಭಟನೆ ಮಾಡಿದರೆ ತಡವಾಯಿತು. ನಿಮ್ಮೂರ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಹೋಗಿ, ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಈ ವರ್ಷ ಎಷ್ಟು ಮಕ್ಕಳು ಹೊಸದಾಗಿ ಬಂದರು, ಎಷ್ಟು ಮಕ್ಕಳು ನಡೆದು ಬರುತ್ತಾರೆ, ಇದನ್ನು ಒಂದು ಹಾಳೆಯಲ್ಲಿ ಬರೆಸಿ. ಗ್ರಾಮಸಭೆಯಲ್ಲಿ ಓದಿ ನಡಾವಳಿಗೆ ಸೇರಿಸಿ. ಒಂದು ಪ್ರತಿ ಶಾಸಕರಿಗೆ, ಒಂದು ಬಿಇಒ ಕಚೇರಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ದೀಪಾವಳಿಯೊಳಗೆ ಮಾಡಿ. ಒಂದು ಪ್ರತಿ ನಮಗೂ ಕಳಿಸಿ, ಬಂದಷ್ಟನ್ನೂ ಈ ಪುಟದಲ್ಲೇ ಪ್ರಕಟಿಸುತ್ತೇನೆ.