ಉದ್ದದ ಹುಟ್ಟು ಬೇಡ, ಮೊದಲು ಗಾಳಿಯ ದಿಕ್ಕು ನೋಡಿ

ಬಡಾವಣೆಯ ಪಕ್ಕದ ಕೆರೆಯಲ್ಲಿ ಮಗಳನ್ನು ಮುಂದೆ ಕೂರಿಸಿಕೊಂಡು, ಗಾಳಿ ತುಂಬುವ ಕಯಾಕ್‌ನಲ್ಲಿ ಆಚೆ ದಡ ಮುಟ್ಟಿ ಬಂದ ನಿಮ್ಮ ಬರಹವನ್ನೂ ಚಿತ್ರಗಳನ್ನೂ ನೋಡಿದೆ. ಹೋಗುವಾಗ ಆಯಾಸವೇ ಆಗಲಿಲ್ಲ, ಬರುವಾಗ ಮಾತ್ರ ಎಷ್ಟು ಹುಟ್ಟು ಹಾಕಿದರೂ ದೋಣಿ ಮುಂದೆ ಸಾಗದೆ ಅಡ್ಡಡ್ಡ ತಿರುಗುತ್ತಿತ್ತು, ಆದ್ದರಿಂದ ಇನ್ನೂ ಉದ್ದದ ಹುಟ್ಟು ಕೊಳ್ಳಲೇ ಎಂದು ಕೇಳಿದ್ದೀರಿ. ದಯವಿಟ್ಟು ಕೊಳ್ಳಬೇಡಿ. ಇದೇ ಪಾಡು ಪಟ್ಟು, ಇದೇ ತೀರ್ಮಾನಕ್ಕೆ ಬಂದು ಉದ್ದದ ಹುಟ್ಟು ಕೊಂಡವನು ನಾನು. ಅದರಿಂದ ತೋಳು ಇನ್ನಷ್ಟು ಬೇಗ ಸೋತಿತೇ ಹೊರತು ದೋಣಿ ನೆಟ್ಟಗಾಗಲಿಲ್ಲ. ತೊಂದರೆ ಇರುವುದು ನೀವು ಮೊದಲು ಹೊರಟ ದಿಕ್ಕಿನಲ್ಲಿ.

ನಿಮ್ಮ ಮೊದಲ ಚಿತ್ರವನ್ನೇ ಇನ್ನೊಮ್ಮೆ ನೋಡಿ. ದೋಣಿ ಇಳಿಸಿದ ಕಡೆ ನೀರು ಅಲುಗಾಡದೆ ನಿಂತಿದೆ, ಆದರೆ ಬಲಬದಿಯ ಜೊಂಡು ಪೂರ್ತಿಯಾಗಿ ಕೆರೆಯ ಕಡೆಗೆ ಬಾಗಿದೆ, ದೂರದಲ್ಲಿ ಅಲೆಗಳ ತಲೆಯ ಮೇಲೆ ಅಲ್ಲಲ್ಲಿ ಬಿಳಿ ನೊರೆಯೂ ಕಾಣುತ್ತಿದೆ. ಗಾಳಿ ನಿಮ್ಮ ಬೆನ್ನ ಹಿಂದಿನಿಂದ ಬೀಸುತ್ತಿತ್ತು. ಬೆನ್ನ ಹಿಂದೆ ಮರಗಳೂ ಮನೆಗಳೂ ಇದ್ದಾಗ ಈ ಕಡೆಯ ದಡ ಯಾವಾಗಲೂ ಶಾಂತವಾಗಿಯೇ ಇರುತ್ತದೆ. ಅಲೆ ಬೆಳೆಯಬೇಕಾದರೆ ಗಾಳಿಗೆ ತೆರೆದ ನೀರಿನ ಮೇಲೆ ಓಡಲು ಜಾಗ ಬೇಕು, ಆ ಜಾಗ ದೊರೆಯುವುದು ಕೆರೆಯ ನಡುವಿನಿಂದಾಚೆಗೆ. ಹಾಗಾಗಿ ಗಾಳಿಯ ಜೊತೆಗೆ ಹೊರಟವರಿಗೆ ಮುಂದೆ ಹೋದಂತೆಲ್ಲ ಅಲೆ ಹೆಚ್ಚುತ್ತದೆ, ಆದರೆ ಗಾಳಿಯೇ ತಳ್ಳುತ್ತಿರುವುದರಿಂದ ಅದು ಅರಿವಿಗೆ ಬರುವುದಿಲ್ಲ. ಅರಿವಾಗುವುದು ತಿರುಗಿ ಬರಲು ಮುಖ ಮಾಡಿದಾಗ. ಗಾಳಿಯ ವೇಗ ಎರಡು ಪಟ್ಟಾದರೆ ಅದು ದೋಣಿಯನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ನೆನಪಿಡಿ. ಗಂಟೆಗೆ 10 ಕಿಲೋಮೀಟರ್ ಗಾಳಿಯಲ್ಲಿ ನಿಭಾಯಿಸಿದವರು 20ರಲ್ಲಿ ಸ್ವಲ್ಪ ಹೆಚ್ಚು ಕಷ್ಟವಾದೀತು ಎಂದುಕೊಳ್ಳುತ್ತಾರೆ, ಲೆಕ್ಕ ತಪ್ಪುವುದೇ ಅಲ್ಲಿ.

ಈಗ ನಾನು ಮಾಡುವುದು ಹೀಗೆ. ದೋಣಿಯನ್ನು ನೀರಿಗಿಳಿಸಿ, ದಡದಿಂದ ಸ್ವಲ್ಪವೇ ದೂರ ಹೋಗಿ, ಹುಟ್ಟನ್ನು ತೊಡೆಯ ಮೇಲಿಟ್ಟು ಸುಮ್ಮನೆ ಕೂರುತ್ತೇನೆ. ದೋಣಿ ತಾನಾಗಿ ಯಾವ ಕಡೆಗೆ ತೇಲುತ್ತದೆಯೋ ಅದರ ಎದುರು ದಿಕ್ಕಿಗೆ ಮೊದಲು ಹೋಗುತ್ತೇನೆ, ಅದೂ ನಡುನೀರಿನಲ್ಲಿ ಅಲ್ಲ, ದಡದ ಪಕ್ಕದಲ್ಲೇ. ಮೈಯಲ್ಲಿ ಹೊಸ ಬಲ ಇರುವಾಗ ಗಾಳಿಗೆ ಎದುರಾಗಿ ಹೋಗಬೇಕು, ದಣಿದಾಗ ಗಾಳಿ ನಮ್ಮನ್ನು ಹೊರಟ ಕಡೆಗೇ ತಂದುಬಿಡಬೇಕು. ಹೊರಡುವ ದಡದಲ್ಲೇ ಗಾಳಿ ಬೆನ್ನ ಹಿಂದಿದ್ದರೆ ಆ ದಿನ ಬೇರೆ ಕಡೆಯಿಂದ ದೋಣಿ ಇಳಿಸಿ; ಅದು ಸಾಧ್ಯವಿಲ್ಲದಿದ್ದರೆ ಮರಗಳ ಮರೆಯಲ್ಲೇ ದಡದುದ್ದಕ್ಕೂ ಓಡಾಡಿ, ನಡುನೀರಿಗೆ ಹೋಗಬೇಡಿ. ಮೊಬೈಲಿನ ಹವಾಮಾನ ಆ್ಯಪ್ ತೋರಿಸುವುದು ನೆಲದಿಂದ 10 ಮೀಟರ್ ಎತ್ತರದ ಸರಾಸರಿ ಗಾಳಿಯನ್ನು, ಆದ್ದರಿಂದ ಅದರ ಜೊತೆಗೆ ಬೀಸುಗಾಳಿಯ, ಅಂದರೆ ನಡುನಡುವೆ ಒಮ್ಮೆಲೇ ಜೋರಾಗಿ ಬೀಸುವ ಗಾಳಿಯ, ಅಂಕಿಯನ್ನೂ ನೋಡಲೇಬೇಕು. ನನ್ನ ಕಣ್ಣಳತೆ ಇಷ್ಟೇ: ಎಲೆಗಳೂ ತೆಳು ರೆಂಬೆಗಳೂ ಬಿಡುವಿಲ್ಲದೆ ಆಡುತ್ತಿದ್ದರೆ ಗಾಳಿ ಗಂಟೆಗೆ 12ರಿಂದ 19 ಕಿಲೋಮೀಟರ್ ಇದೆ, ಮಗುವಿನೊಂದಿಗೆ ಗಾಳಿದೋಣಿಯಲ್ಲಿ ಹೋಗುವವರು ಅಲ್ಲಿಗೇ ನಿಲ್ಲಬೇಕು. ಧೂಳು, ಕಾಗದ ಮೇಲೆದ್ದು ಹಾರುತ್ತಿದ್ದರೆ 20 ದಾಟಿದೆ, ಪಂಪನ್ನು ಚೀಲದಿಂದ ಹೊರಗೇ ತೆಗೆಯಬೇಡಿ. ಇನ್ನೊಂದು ಮಾತು, ನೀವು ಹೊರಟದ್ದು ಮಧ್ಯಾಹ್ನ. ಬಿಸಿಲಿಗೆ ನೆಲ ಕಾದಂತೆ ಗಾಳಿಯ ಪದರಗಳು ಕಲಸಿಕೊಂಡು ಮೇಲಿನ ವೇಗದ ಗಾಳಿ ಕೆಳಗಿಳಿಯುತ್ತದೆ, ಹಾಗಾಗಿ ಸಾಮಾನ್ಯವಾಗಿ ದಿನದಲ್ಲಿ ಗಾಳಿ ಹೆಚ್ಚಿರುವ ಹೊತ್ತು ಅದೇ. ಬೆಳಗಿನ ಜಾವ ಹೋಗಿ.

ಎಲ್ಲ ಎಚ್ಚರ ವಹಿಸಿದರೂ ಒಮ್ಮೊಮ್ಮೆ ಸಿಕ್ಕಿಬೀಳುತ್ತೇವೆ. ಆಗ ಏನು ಮಾಡಬಾರದು ಎಂಬುದು ನನಗೆ ಗೊತ್ತು. ಒಮ್ಮೆ ಗಾಳಿಗೆ ಎದುರಾಗಿ ಬರುವಾಗ ನಾನೂ ನನ್ನ ಜೊತೆಗಿದ್ದವರೂ ನೀರಿನಿಂದ ಮೇಲೆದ್ದಿದ್ದ ಒಂದು ಒಣ ಮರದ ಕೊಂಬೆಯನ್ನು ಗುರುತಾಗಿಟ್ಟುಕೊಂಡು ಹುಟ್ಟು ಹಾಕುತ್ತಿದ್ದೆವು. ಕೊಂಬೆ ಹಿಂದೆ ಸರಿಯುತ್ತಿತ್ತು, ಉಸಿರು ತೆಗೆದುಕೊಳ್ಳಲೆಂದು ಕೈ ನಿಲ್ಲಿಸಿದ ಕೂಡಲೇ ಮತ್ತೆ ಪಕ್ಕಕ್ಕೆ ಬಂದು ನಿಲ್ಲುತ್ತಿತ್ತು. ಹೊರಟ ಜಾಗಕ್ಕೇ ದೋಣಿಯಲ್ಲೇ ಮರಳಬೇಕು ಎಂಬ ಹಟ ನಮ್ಮನ್ನು ಅಷ್ಟು ಹೊತ್ತು ಅಲ್ಲಿ ಸಿಕ್ಕಿಸಿತ್ತು. ಕೊನೆಗೆ ಗಾಳಿಗೆ ಓರೆಯಾಗಿ ತಿರುಗಿ ಹತ್ತಿರದ ಪಕ್ಕದ ದಡ ಸೇರಿ, ದೋಣಿಯನ್ನು ಹೆಗಲ ಮೇಲೆ ಹೊತ್ತು ನಡೆದು ಬಂದೆವು. ಗಾಳಿದೋಣಿಯ ದೊಡ್ಡ ಅನುಕೂಲವೇ ಅದರ ಹಗುರ, ಅದನ್ನು ಬಳಸಿಕೊಳ್ಳಿ. ಊರಂಚಿನ ಕೆರೆಗಳಲ್ಲಿ ದಡದ ಮೇಲೆ ಎಲ್ಲೋ ಒಂದು ಕಾಲುದಾರಿ ಇದ್ದೇ ಇರುತ್ತದೆ.

ದೋಣಿ ತಿರುಗುತ್ತಿದ್ದುದಕ್ಕೆ ಬೇರೆ ಕಾರಣವೂ ಇದೆ. ದಡದಲ್ಲಿ ಬೋರಲು ಹಾಕಿದ ಚಿತ್ರದಲ್ಲಿ ತಳದ ಸ್ಕೆಗ್, ಅಂದರೆ ದೋಣಿಯನ್ನು ನೇರ ಸಾಗಿಸುವ ಚಿಕ್ಕ ರೆಕ್ಕೆ, ಕಾಣಲಿಲ್ಲ. ಅದು ಪೆಟ್ಟಿಗೆಯಲ್ಲೇ ಉಳಿದಿರಬಹುದು, ಹುಡುಕಿ ಹಾಕಿ. ಚಪ್ಪಟೆ ತಳದ ಗಾಳಿದೋಣಿ ಸ್ಕೆಗ್ ಇಲ್ಲದೆ ನೇರ ಹೋಗುವುದೇ ಇಲ್ಲ. ಭಾರವನ್ನು ಎಲ್ಲಿಡುತ್ತೀರಿ ಎಂಬುದೂ ಮುಖ್ಯ: ಮೂತಿ ಹಗುರವಾಗಿ ಮೇಲೆದ್ದಿದ್ದರೆ ಗಾಳಿ ಅದನ್ನು ಹಿಡಿದು ಪಕ್ಕಕ್ಕೆ ತಳ್ಳುತ್ತದೆ. ಮಗಳು ಚಿಕ್ಕವಳು, ನೀವು ಹಿಂದೆ ಕುಳಿತಿದ್ದೀರಿ, ನೀರಿನ ಬಾಟಲಿಗಳೂ ಚೀಲವೂ ನಿಮ್ಮ ಬೆನ್ನಿಗೇ ಇದ್ದವು. ಗಾಳಿಗೆ ಎದುರಾಗಿ ಹೋಗುವಾಗ ಸಾಮಾನನ್ನೆಲ್ಲ ಮುಂದಕ್ಕೆ ಸರಿಸಿ, ಗಾಳಿಯ ಜೊತೆಗೆ ಬರುವಾಗ ಹಿಂದಕ್ಕೆ ತನ್ನಿ.

ಸಿಟ್ಟಾಗಬೇಡಿ, ಆದರೆ ಇದನ್ನು ಹೇಳದೆ ಬಿಡಲಾರೆ. ನಿಮ್ಮ ಲೈಫ್ ಜಾಕೆಟ್ ಸೀಟಿನ ಹಿಂದೆ ಮಡಿಸಿಟ್ಟಿತ್ತು, ಮಗಳದ್ದು ಕೊರಳಲ್ಲಿದ್ದರೂ ಬಕಲ್ ಹಾಕಿರಲಿಲ್ಲ. ನೀರಿಗೆ ಬಿದ್ದ ಮೇಲೆ ಜಾಕೆಟ್ ತೊಡುವುದು ಬಹುಮಟ್ಟಿಗೆ ಆಗದ ಮಾತು, ಅಷ್ಟರಲ್ಲಿ ಗಾಳಿಯು ಖಾಲಿ ದೋಣಿಯನ್ನು ನೀವು ಈಜುವುದಕ್ಕಿಂತ ವೇಗವಾಗಿ ಒಯ್ದಿರುತ್ತದೆ. ಜಾಕೆಟ್ಟಿನ ತೇಲಿಸುವ ಬಲವನ್ನು ನ್ಯೂಟನ್‌ನಲ್ಲಿ ಅಳೆಯುತ್ತಾರೆ; ಲೇಬಲ್ಲಿನಲ್ಲಿ 50 ನ್ಯೂಟನ್ ಎಂದಿದ್ದರೆ ಅದು ಈಜು ಬಲ್ಲವರಿಗೆ, ಕೂಗಿದರೆ ಕೇಳಿಸುವಷ್ಟು ಹತ್ತಿರ ಸಹಾಯ ಇರುವಲ್ಲಿಗೆ ಮಾತ್ರ. ಈಜು ಬಾರದ ಮಗುವಿಗೆ ಕತ್ತುಪಟ್ಟಿ ಇರುವ 100 ನ್ಯೂಟನ್‌ನದ್ದೇ ಬೇಕು, ಅದನ್ನು ಮುಖ ಮೇಲಾಗುವಂತೆ ತಿರುಗಿಸಲೆಂದೇ ರೂಪಿಸಿರುತ್ತಾರೆ. ತೊಡೆಸಂದಿನ ಪಟ್ಟಿಯನ್ನೂ ಕಟ್ಟಿ, ಭುಜದ ಹತ್ತಿರ ಹಿಡಿದು ಮೇಲಕ್ಕೆತ್ತಿ ನೋಡಿ. ಜಾಕೆಟ್ ಕಿವಿಯವರೆಗೆ ಬಂದರೆ ಅಳತೆ ದೊಡ್ಡದಾಯಿತು. ಬೆಳೆಯುವ ಮಗು, ಮುಂದೆ ಆಗುತ್ತದೆ ಎಂದು ದೊಡ್ಡದನ್ನು ಕೊಳ್ಳುವುದು ಈ ಒಂದು ವಸ್ತುವಿನಲ್ಲಿ ಬೇಡ. ಇನ್ನು ನೀರು ತಣ್ಣಗಿರುವ ಕಾಲದಲ್ಲಿ, ಅಂದರೆ 15 ಡಿಗ್ರಿಗಿಂತ ಕೆಳಗಿದ್ದಾಗ, ಬಿದ್ದ ಮೊದಲ ನಿಮಿಷ ಏದುಸಿರನ್ನು ಹಿಡಿತಕ್ಕೆ ತರುವುದರಲ್ಲೇ ಹೋಗುತ್ತದೆ, ಮುಂದೆ ಸುಮಾರು 10 ನಿಮಿಷಗಳಲ್ಲಿ ಕೈಕಾಲು ಮಾತು ಕೇಳುವುದನ್ನು ನಿಲ್ಲಿಸುತ್ತವೆ. ಆದ್ದರಿಂದ ಉಡುಪು ನೀರಿನ ಬಿಸಿ ನೋಡಿ ಇರಬೇಕು, ಹೊರಗಿನ ಬಿಸಿಲು ನೋಡಿ ಅಲ್ಲ.

ಮಗುಚಿದ ದೋಣಿಗೆ ಮತ್ತೆ ಹತ್ತುವುದನ್ನು ಎದೆಮಟ್ಟದ ನೀರಿನಲ್ಲಿ ಅಭ್ಯಾಸ ಮಾಡದೆ ಆಚೆ ದಡದ ಮಾತೇ ಬೇಡ. ಕಾಲನ್ನು ನೀರಿನ ಮೇಲ್ಮಟ್ಟಕ್ಕೆ ತಂದು ಒದೆಯುತ್ತ ಹೊಟ್ಟೆಯ ಮೇಲೆ ಜಾರಿ ಹತ್ತಬೇಕು, ತೋಳಬಲದಿಂದ ಎಳೆದುಕೊಂಡು ಹತ್ತಲು ಹೋದರೆ ದೋಣಿ ನಿಮ್ಮ ಮೇಲೆಯೇ ಮಗುಚುತ್ತದೆ.

ಗಾಳಿ ತುಂಬುವ ವಿಷಯಕ್ಕೆ ಬರುತ್ತೇನೆ. ಗಟ್ಟಿಯಾಗಿ ತುಂಬಿ ಊಟದ ಹೊತ್ತಿನಲ್ಲಿ ಬಿಸಿಲಿನಲ್ಲೇ ಬಿಟ್ಟಿದ್ದೆ ಎಂದು ಬರೆದಿದ್ದೀರಿ. ಮಾಮೂಲಿ ಟ್ಯೂಬ್ ದೋಣಿಗಳ ಒತ್ತಡ ಸುಮಾರು 1 ಪಿಎಸ್‌ಐ (ಪಂಪಿನ ಮಾಪಕ ತೋರಿಸುವ ಗಾಳಿಯೊತ್ತಡದ ಅಳತೆ). ಒಳಗಿನ ಗಾಳಿ 15 ಡಿಗ್ರಿಯಿಂದ 45 ಡಿಗ್ರಿಗೆ ಕಾದರೆ, ರಬ್ಬರು ಹಿಗ್ಗಲಿಲ್ಲ ಎಂದುಕೊಂಡರೆ, ಒತ್ತಡ ಎರಡೂವರೆ ಪಿಎಸ್‌ಐ ದಾಟುತ್ತದೆ, ಅದನ್ನು ಹೊರುವುದು ಅಂಚಿನ ಜೋಡಣೆ. ದಡದಲ್ಲಿ ಸ್ವಲ್ಪ ಮೆತ್ತಗೆ ತುಂಬಿ, ನೀರಿಗಿಳಿಸಿ ತಣ್ಣಗಾದ ಮೇಲೆ ಉಳಿದದ್ದನ್ನು ತುಂಬಿ, ಮೇಲೆ ತಂದ ಕೂಡಲೇ ಸ್ವಲ್ಪ ಬಿಡಿ. ಡ್ರಾಪ್‌ಸ್ಟಿಚ್ ತಳದವುಗಳ, ಅಂದರೆ ಮೇಲಿನ ಕೆಳಗಿನ ಪದರಗಳನ್ನು ಒಳಗೆ ಸಾವಿರಾರು ದಾರಗಳಿಂದ ಹೊಲಿದು ಹಲಗೆಯಂತೆ ಗಟ್ಟಿಯಾಗುವಂತೆ ಮಾಡಿದವುಗಳ, ಒತ್ತಡ ಇದಕ್ಕಿಂತ ಹಲವು ಪಟ್ಟು ಹೆಚ್ಚು, ಅವಕ್ಕೆ ಮಾಪಕ ಇರುವ ಕೈಪಂಪೇ ಸರಿ.

ಕಂಪನಿ ಯಾವುದು ಒಳ್ಳೆಯದು ಎಂದು ಇನ್ನೊಬ್ಬರು ಕೇಳಿದ್ದಾರೆ. ಶಾಂತ ನೀರಿಗೆ ಇಂಟೆಕ್ಸ್ ಎಕ್ಸ್‌ಪ್ಲೋರರ್ ಕೆ2 ಸಾಕು, ಕಳಚಬಹುದಾದ ಸ್ಕೆಗ್ ಅದರ ಜೊತೆಗೇ ಬರುತ್ತದೆ. ಗಾಳಿ ಹೆಚ್ಚಿರುವ ಕೆರೆಗೆ ನಾನು ಅಡ್ವಾನ್ಸ್‌ಡ್ ಎಲಿಮೆಂಟ್ಸ್‌ನ ಅಡ್ವಾನ್ಸ್‌ಡ್‌ಫ್ರೇಮ್ ಅನ್ನೇ ಹೇಳುತ್ತೇನೆ, ಮೂತಿಯಲ್ಲೂ ಹಿಂತುದಿಯಲ್ಲೂ ಅಲ್ಯೂಮಿನಿಯಂ ಪಕ್ಕೆಲುಬುಗಳಿರುವುದರಿಂದ ಅದು ನೀರನ್ನು ಸೀಳಿ ಹೋಗುತ್ತದೆ. ಆದರೆ ಭಾರ, ಒಣಗಿಸುವುದೂ ನಿಧಾನ. ಯಾವುದನ್ನೇ ಕೊಂಡರೂ ಕೋಡಿಯ ಹತ್ತಿರ, ತೂಬಿನ ಹತ್ತಿರ ಒಯ್ಯಬೇಡಿ, ಗುಡುಗು ಕೇಳಿಸಿದರೆ ದಡ ಸೇರಿ, ಕೊನೆಯ ಗುಡುಗಿನಿಂದ 30 ನಿಮಿಷ ಕಳೆಯುವವರೆಗೆ ಮತ್ತೆ ಇಳಿಯಬೇಡಿ.

ನೀವು ಕೇಳದಿದ್ದರೂ ಆಚೆ ದಡದ ಬಗ್ಗೆ ಒಂದು ಮಾತು. ನೀರಿನ ಮೇಲೆ ತೇಲುವುದನ್ನೆಲ್ಲ ಗಾಳಿ ತಾನು ಬೀಸುವ ಕಡೆಯ ದಡಕ್ಕೆ ತಂದು ಸೇರಿಸುತ್ತದೆ, ನೀಲಿಹಸಿರು ಪಾಚಿಯೂ ಅಲ್ಲಿಗೇ ಬಂದು ಕೂಡುತ್ತದೆ. ಮಗಳು ಕಾಲು ಇಳಿಬಿಟ್ಟು ಕುಳಿತ ಚಿತ್ರದಲ್ಲಿ ಅಂಚಿನ ನೀರು ಹಸಿರು ಬಣ್ಣ ಚೆಲ್ಲಿದ ಹಾಗಿದೆ. ಒಂದು ಕೋಲು ಅದ್ದಿ ಎತ್ತಿ ನೋಡಿ: ಕೂದಲಿನ ಎಳೆಗಳಂತೆ ಜೋತುಬಿದ್ದರೆ ಸಾಮಾನ್ಯವಾಗಿ ಅದು ಸಾದಾ ಪಾಚಿ, ಕೋಲಿಗೆ ಬಣ್ಣದಂತೆ ಮೆತ್ತಿಕೊಂಡರೆ ಮಕ್ಕಳನ್ನೂ ನಾಯಿಯನ್ನೂ ದೂರ ಇಡಿ. ಅದರ ವಿಷ ಕುದಿಸಿದರೂ ಹೋಗುವುದಿಲ್ಲ. ಮನೆಗೆ ಬಂದ ಮೇಲೆ ದೋಣಿಯನ್ನು ಶುದ್ಧ ನೀರಿನಲ್ಲಿ ತೊಳೆದು, ಮಡಿಕೆಗಳ ಸಂದಿಯ ನೀರನ್ನೂ ಜೊಂಡಿನ ಚೂರುಗಳನ್ನೂ ತೆಗೆದು, ಪೂರ್ತಿ ಒಣಗಿಸಿಯೇ ಇನ್ನೊಂದು ಕೆರೆಗೆ ಒಯ್ಯಿರಿ. ಅಂತರಗಂಗೆಯಂಥ ಕಳೆಗೆ ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗಲು ಒಂದು ಚೂರು ಸಾಕು.