‘ಅತ್ತೆ ನೆಟ್ಟ ಮರ’ ಬರೆದ ಸಿಂಧನೂರಿನ ಲೇಖಕಿಗೆ

ನಮಸ್ಕಾರ.

ನಿಮ್ಮ ಬರಹವನ್ನು ಎರಡು ಸಲ ಓದಿದೆ. ರಸ್ತೆ ಎತ್ತರವಾಗಿ, ಮಳೆನೀರು ನಿಮ್ಮ ಅಂಗಳದ ಎರೆಮಣ್ಣಿನಲ್ಲಿ ಮಡುಗಟ್ಟಿ, ಅತ್ತೆಯವರು ನೆಟ್ಟ ದೇವಕಣಗಿಲೆಯ ಬುಡ ಕೊಳೆಯಿತು. ನೀವು ಏಳು ಟೊಂಗೆ ಕತ್ತರಿಸಿ ನೆಟ್ಟಿರಿ, ಐದು ಚಿಗುರಿದವು. ವಿಷಯ ಬಹಳ ಒಳ್ಳೆಯದು. ಆದರೆ ಈಗಿರುವ ರೂಪದಲ್ಲಿ ಪ್ರಕಟಿಸಲಾರೆ.

ಐದು ಪುಟಗಳಲ್ಲಿ ಮೊದಲ ಮೂರನ್ನು ದುಃಖವೇ ತುಂಬಿಕೊಂಡಿದೆ. ಆ ದುಃಖ ನಿಜವಾದದ್ದೆಂದು ನನಗೆ ಗೊತ್ತು. ಆದರೂ ‘ಕುಡುಗೋಲು ತಾಗಿದೊಡನೆ ಮರ ಕಣ್ಣೀರು ಸುರಿಸಿತು’ ಎಂದಾಗ ನನಗೆ ಮರವೇ ಕಾಣದಾಯಿತು. ಸುರಿದದ್ದು ಹಾಲು: ಬೆಳ್ಳಗೆ, ಅಂಟಂಟು, ಚರ್ಮಕ್ಕೆ ತಾಗಿದರೆ ಕೆಲವರಿಗೆ ಉರಿ. ನಿಮ್ಮ ಬೆರಳಿಗೆ ಅದು ಹೇಗೆ ಮೆತ್ತಿಕೊಂಡಿತು, ಹೇಗೆ ತೊಳೆದಿರಿ, ಅದನ್ನು ಬರೆಯಿರಿ.

ನಾಲ್ಕನೆಯ ಪುಟದಲ್ಲಿ ಒಂದು ಸಾಲಿದೆ: ‘ಉಗುರಿನಿಂದ ತೊಗಟೆ ಕೆರೆದೆ, ಒಳಗೆ ಹಸಿರಿತ್ತು.’ ಬರಹ ಇಲ್ಲಿಂದ ಆರಂಭವಾಗಲಿ. ದೇವಕಣಗಿಲೆ ಚೆನ್ನಾಗಿದ್ದಾಗಲೂ ಚಳಿಗಾಲದಲ್ಲಿ ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತದೆ. ಸತ್ತಿದೆಯೋ ಮಲಗಿದೆಯೋ ಎಂದು ದೂರದಿಂದ ತಿಳಿಯದು. ನಿಮ್ಮ ಉಗುರು ಅದನ್ನು ತಿಳಿಯಿತು. ಆಮೇಲೆ ಟೊಂಗೆಯ ಕೆಳತುದಿಯನ್ನು ಬಿಲ್ಲೆಬಿಲ್ಲೆಯಾಗಿ ಕೊಯ್ಯುತ್ತಾ ಹೋಗಿ, ಕಂದು ಕಲೆ ಪೂರ್ತಿ ಮಾಯವಾಗಿ ಬಿಳಿ ತಿರುಳು ಕಂಡ ಮೇಲಷ್ಟೇ ಕೈ ನಿಲ್ಲಿಸಿದ್ದೀರಿ. ಇದನ್ನು ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟಿದ್ದೀರಲ್ಲ! ಅರ್ಧ ಪುಟ ಕೊಡಿ. ಕೊಳೆತದ್ದು ಎಳ್ಳಷ್ಟು ಉಳಿದರೂ ಆ ಕೊಳೆ ಹೊಸ ಕುಂಡಕ್ಕೂ ದಾಟೀತು ಎಂಬ ನಿಮ್ಮ ಅಂಜಿಕೆ ಅಲ್ಲಿ ಓದುಗರಿಗೆ ಮುಟ್ಟಬೇಕು.

ಎರಡು ತಪ್ಪುಗಳನ್ನು ತಿದ್ದಿಕೊಳ್ಳಿ. ‘ಪುರಾಣಕಾಲದಿಂದಲೂ ನಮ್ಮ ನೆಲದ ಮರ’ ಎಂದಿದ್ದೀರಿ. ಅದರ ತವರು ಮೆಕ್ಸಿಕೊ, ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳು. ಪ್ಲುಮೇರಿಯಾ ಎಂಬ ಶಾಸ್ತ್ರೀಯ ಹೆಸರು ಬಂದದ್ದು ಫ್ರೆಂಚ್ ಸಸ್ಯವಿಜ್ಞಾನಿ ಚಾರ್ಲ್ಸ್ ಪ್ಲುಮಿಯರ್ ಅವರಿಂದ. ಅಷ್ಟು ದೂರದಿಂದ ಬಂದು ನಮ್ಮ ಗುಡಿಯಂಗಳ ಸೇರಿದ ಮರ ಎಂದರೆ ಅತ್ತೆಯವರ ನೆನಪಿಗೆ ಏನೂ ಕುಂದಿಲ್ಲ.

ಇನ್ನೊಂದು, ‘ಮರದ ಮಕ್ಕಳು’ ಎಂಬ ಮಾತು. ಬೀಜದಿಂದ ಹುಟ್ಟಿದ್ದರೆ ಮಕ್ಕಳು. ಹೂವಿನ ಬಣ್ಣವೂ ಬೇರೆಯಾಗಬಹುದಿತ್ತು. ಟೊಂಗೆಯಿಂದ ಬಂದದ್ದು ಅದೇ ಮರ. ಅತ್ತೆಯವರು ನೆಟ್ಟ ಮರವೇ ಈಗ ನಿಮ್ಮ ಐದು ಕುಂಡಗಳಲ್ಲಿದೆ. ಇದು ಹೊಳೆದಾಗ ನನಗೆ ಗಂಟಲು ಕಟ್ಟಿತು, ನೀವು ಮಾತ್ರ ಅದನ್ನು ಹೇಳಿಯೇ ಇಲ್ಲ.

ಉಳಿದೆರಡು ಏಕೆ ಹೋದವು? ಬಳ್ಳಾರಿಯ ನನ್ನ ಮನೆಯಲ್ಲಿ, ಕತ್ತರಿಸಿದ ದಿನವೇ ನೆಟ್ಟು, ದಿನವೂ ನೀರು ಹಾಕಿ ಮೂರು ಟೊಂಗೆಗಳನ್ನು ಕೊಳೆಸಿದ್ದೇನೆ. ಒಂದೆರಡು ವಾರ ನೆರಳಿನಲ್ಲಿಟ್ಟು, ಗಾಯ ಒಣಗಿದ ಮೇಲೆ ಮರಳು ಬೆರೆಸಿದ ಮಸಾರಿ ಮಣ್ಣಿನಲ್ಲಿ ನೆಡಬೇಕು, ಎಲೆ ಬಿಡುವವರೆಗೆ ನೀರಿನಲ್ಲಿ ಕೈ ಬಿಗಿ ಹಿಡಿಯಬೇಕು ಎಂದು ಕಲಿತದ್ದು ಆಮೇಲೆ. ನಿಮ್ಮದನ್ನು ಓದಿ ಟೊಂಗೆ ಕತ್ತರಿಸುವವರಿದ್ದಾರೆ. ಸೋತದ್ದನ್ನೂ ಅವರಿಗೆ ಹೇಳಿ.

ಎರಡೂವರೆ ಪುಟ ಸಾಕು. ಯುಗಾದಿಗೆ ಮೊದಲೇ ಕಳುಹಿಸಿ; ಟೊಂಗೆ ನೆಡುವ ಹೊತ್ತಿಗೆ ಬರಹ ಓದುಗರ ಕೈಯಲ್ಲಿರಲಿ.

— ಸಂಪಾದಕ