ಮೊದಲ ಮನೆ ಕೊಂಡು ಬಾಡಿಗೆಗೆ ಕೊಟ್ಟರೆ ಕಂದಾಯದಲ್ಲಿ ರಿಯಾಯಿತಿ ಇದೆಯೇ?

ನೀವು ಕೇಳಿರುವುದು ಇಷ್ಟು: ಬೆಂಗಳೂರಿನಲ್ಲಿ ಸುಮಾರು 60 ಲಕ್ಷದ ಫ್ಲ್ಯಾಟ್, ನಿಮ್ಮ ಹೆಸರಿಗೆ ಬರುವ ಮೊದಲ ಆಸ್ತಿ. ಈಗ ಅದರಲ್ಲಿ ಮಾಲೀಕರೇ ಇದ್ದಾರೆ. ನೀವು ಅಪ್ಪ ಅಮ್ಮನ ಜೊತೆಗೇ ಇದ್ದು ಅದನ್ನು ಬಾಡಿಗೆಗೆ ಬಿಡುತ್ತೀರಿ. ಮೊದಲ ಮನೆ ಅಂತ ತೆರಿಗೆಯಲ್ಲಿ ಏನಾದರೂ ಕಡಿಮೆ ಆಗುತ್ತಾ?

ಇಲ್ಲ. ಕಂದಾಯ, ಅಂದರೆ ಪಾಲಿಕೆಯ ಆಸ್ತಿ ತೆರಿಗೆ, ಹಾಕುವವರಿಗೆ ಇದು ನಿಮ್ಮ ಎಷ್ಟನೇ ಮನೆ ಅನ್ನುವುದು ಬೇಕಿಲ್ಲ, ಅದರಲ್ಲಿ ಯಾರು ವಾಸ ಇದ್ದಾರೆ ಅನ್ನುವುದಷ್ಟೇ ಬೇಕು. ಮಾಲೀಕರೇ ಇದ್ದರೆ ಒಂದು ದರ, ಬಾಡಿಗೆದಾರರಿದ್ದರೆ ಅದರ ಎರಡರಷ್ಟು. ಅಂದರೆ ಈಗಿನ ಮಾಲೀಕರು ತೋರಿಸುತ್ತಿರುವ ರಸೀದಿಯ ಮೊತ್ತ ನಿಮಗೆ ಅನ್ವಯಿಸುವುದಿಲ್ಲ, ಅದನ್ನು ದುಪ್ಪಟ್ಟು ಮಾಡಿಕೊಂಡು ಲೆಕ್ಕ ಹಾಕಿ.

ಲೆಕ್ಕ ಹೀಗಿದೆ. ಊರನ್ನು ಎ ಯಿಂದ ಎಫ್‌ವರೆಗೆ ಆರು ವಲಯ ಮಾಡಿದ್ದಾರೆ. ಅತಿ ದುಬಾರಿಯಾದ ಎ ವಲಯದಲ್ಲಿ ಆರ್‌ಸಿಸಿ ಮನೆಗೆ ತಿಂಗಳಿಗೆ ಚದರಡಿಗೆ ಸ್ವಂತ ವಾಸಕ್ಕೆ 2.50 ರೂಪಾಯಿ, ಬಾಡಿಗೆಗೆ 5 ರೂಪಾಯಿ. ವರ್ಷಕ್ಕೆ ಹನ್ನೆರಡಲ್ಲ, ಹತ್ತೇ ತಿಂಗಳು ಹಿಡಿಯುತ್ತಾರೆ. ಸಾವಿರ ಚದರಡಿ ಅಂದುಕೊಂಡರೆ 50,000. ಅದರಲ್ಲಿ ಶೇ 20, ಅಂದರೆ 10,000 ತೆರಿಗೆ. ಅದರ ಮೇಲೆ ಹೆಚ್ಚುಕಡಿಮೆ ಕಾಲು ಭಾಗ ಸೆಸ್. ಕಸದ ಶುಲ್ಕ ಬೇರೆ. ಕಟ್ಟಡದ ವಯಸ್ಸಿಗೆ ತಕ್ಕ ಹಾಗೆ ಸವಕಳಿ ಕಳೆಯುತ್ತಾರೆ. ಹನ್ನೆರಡು ಸಾವಿರದ ಆಸುಪಾಸು ಬಂತು ಅನ್ನಿ. ಇದು ಎಂ.ಜಿ. ರಸ್ತೆ ಕಡೆಯ ದರ, ಹೊರವಲಯದಲ್ಲಿ ಇದಕ್ಕಿಂತ ಬಹಳ ಕಡಿಮೆ. ಅರ್ಧ ತಿಂಗಳ ಬಾಡಿಗೆಯೂ ಆಗಲಿಕ್ಕಿಲ್ಲ. (ಮೈಸೂರು, ಹುಬ್ಬಳ್ಳಿ ಕಡೆ ಮಾರ್ಗಸೂಚಿ ದರದ ಮೇಲೆ ಲೆಕ್ಕ, ಈ ಪಟ್ಟಿ ಅಲ್ಲಿಗೆ ಹೊಂದುವುದಿಲ್ಲ.)

ಎಡವಟ್ಟಾಗುವುದು ಫಾರಂ ತುಂಬುವಾಗ. ಆನ್‌ಲೈನ್‌ನಲ್ಲಿ ಹಳೆಯ ಅರ್ಜಿ ಸಂಖ್ಯೆ ಹಾಕಿದರೆ ಹೋದ ವರ್ಷದ ವಿವರವೆಲ್ಲ ತಾನೇ ಬರುತ್ತದೆ. ಏನೂ ಬದಲಾಗಿಲ್ಲದವರು ಫಾರಂ 4ರಲ್ಲಿ ಹಾಗೇ ಕಟ್ಟಿ ಮುಗಿಸುತ್ತಾರೆ. ನಿಮ್ಮದು ಸ್ವಂತ ವಾಸದಿಂದ ಬಾಡಿಗೆಗೆ ಬದಲಾಗುತ್ತಿದೆ, ನೀವು ಹೋಗಬೇಕಾದದ್ದು ಫಾರಂ 5ಕ್ಕೆ. ಇದನ್ನು ಗೊತ್ತಿದ್ದೂ ಬಿಡುವವರು ಬೇಕಾದಷ್ಟು ಜನ. "ಯಾರು ಬಂದು ನೋಡ್ತಾರೆ ಬಿಡಿ ಸಾರ್" ಅನ್ನುವ ಮಾತು ಬ್ರೋಕರ್ ಬಾಯಲ್ಲಿ ನಿಮಗೂ ಕೇಳಿಸುತ್ತದೆ. ಯಾರೂ ಬಂದು ನೋಡಬೇಕಾಗಿಲ್ಲ. ನಿಮ್ಮ ಬಾಡಿಗೆದಾರರು ಆಫೀಸಿನಲ್ಲಿ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ವಿನಾಯಿತಿ ಕೇಳಿದರೆ, ವರ್ಷದ ಬಾಡಿಗೆ ಒಂದು ಲಕ್ಷ ದಾಟುವುದರಿಂದ, ನಿಮ್ಮ ಪ್ಯಾನ್ ಕೊಡಲೇಬೇಕು. ಅತ್ತ ಆದಾಯ ತೆರಿಗೆಯಲ್ಲಿ ಬಾಡಿಗೆ ತೋರಿಸಿ, ಕಟ್ಟಿದ ಕಂದಾಯವನ್ನು ಅದರಿಂದ ಕಳೆದುಕೊಂಡು, ಇತ್ತ ಅದೇ ಕಂದಾಯದ ರಸೀದಿಯಲ್ಲಿ ಸ್ವಂತ ವಾಸ ಅಂತ ಇದ್ದರೆ ನಿಮ್ಮ ಕಾಗದವೇ ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತದೆ. ವರ್ಷಕ್ಕೆ ಐದಾರು ಸಾವಿರ ಉಳಿಸಲು ಹೋಗಿ ವ್ಯತ್ಯಾಸದ ಜೊತೆ ದಂಡ, ಬಡ್ಡಿ ಎಲ್ಲ ತಲೆಗೆ ಕಟ್ಟಿಕೊಳ್ಳುವುದು ನನಗಂತೂ ಬುದ್ಧಿವಂತಿಕೆ ಅನಿಸುವುದಿಲ್ಲ. ಭೋಗ್ಯಕ್ಕೆ ಕೊಟ್ಟರೆ ಬಾಡಿಗೆಯೇ ಇಲ್ಲವಲ್ಲ ಅಂತ ಕೆಲವರು ಕೇಳುತ್ತಾರೆ. ಮನೆಯಲ್ಲಿ ನೀವಿಲ್ಲ ತಾನೇ, ದರ ಅದೇ.

ಈಗ ಆದಾಯ ತೆರಿಗೆ, ನಿಜವಾದ ದುಡ್ಡು ಇರುವುದು ಅಲ್ಲಿ. ತಿಂಗಳಿಗೆ 25,000 ಬಾಡಿಗೆ ಅಂದರೆ ವರ್ಷಕ್ಕೆ 3,00,000. ಕಟ್ಟಿದ ಕಂದಾಯ 12,000 ಕಳೆದರೆ 2,88,000. ಅದರಲ್ಲಿ ಶೇ 30, ಅಂದರೆ 86,400, ಯಾವ ಬಿಲ್ಲೂ ಕೇಳದೆ ಬಿಡುತ್ತಾರೆ. ಸುಣ್ಣಬಣ್ಣ, ರಿಪೇರಿ, ಅಸೋಸಿಯೇಷನ್ ಮೇಂಟೆನೆನ್ಸ್ ಎಲ್ಲ ಅದರೊಳಗೇ ಬಂತು, ಬೇರೆ ಕಳೆಯುವ ಹಾಗಿಲ್ಲ. ಉಳಿದದ್ದು 2,01,600. ಗೃಹಸಾಲದ ಬಡ್ಡಿ ಆ ವರ್ಷ 4,00,000 ಇದ್ದರೆ ಪೂರ್ತಿ ಕಳೆಯಬಹುದು, ಆಗ 1,98,400 ನಷ್ಟ. ಆದಾಯ ತೆರಿಗೆ ಲೆಕ್ಕಕ್ಕೆ ಹಳೆಯದು, ಹೊಸದು ಅಂತ ಎರಡು ಪದ್ಧತಿ ಇವೆ, ಒಂದನ್ನು ನಾವೇ ಆರಿಸಬೇಕು. ಹಳೆಯ ಪದ್ಧತಿಯಲ್ಲಿ ಈ ನಷ್ಟವನ್ನು ಎರಡು ಲಕ್ಷದ ಮಿತಿಯೊಳಗೆ ಸಂಬಳದಿಂದ ಕಳೆದುಕೊಳ್ಳಬಹುದು. ಹೊಸ ಪದ್ಧತಿಯಲ್ಲಿ ಬಡ್ಡಿ ಬಾಡಿಗೆಯನ್ನು ಸೊನ್ನೆ ಮಾಡುತ್ತದೆಯೇ ಹೊರತು ಸಂಬಳದ ತಂಟೆಗೆ ಬರುವುದಿಲ್ಲ. ಸಾಲ ಮಾಡಿ ಕೊಳ್ಳುವವರು ಪದ್ಧತಿ ಆರಿಸುವ ಮೊದಲು ಎರಡನ್ನೂ ಕೂತು ಹಾಕಿ ನೋಡಲೇಬೇಕು. ಕಂದಾಯ ಕಳೆಯಬೇಕಾದರೆ ಅದನ್ನು ನೀವೇ, ಆ ವರ್ಷದೊಳಗೇ ಕಟ್ಟಿರಬೇಕು. ಬಾಡಿಗೆದಾರರ ಕೈಲಿ ಕಟ್ಟಿಸಿದರೆ ಅದು ಹೋಯಿತು.

ಮೊದಲ ಸಲ ಕೊಳ್ಳುವವರಿಗೆ ಬಡ್ಡಿಯ ಮೇಲೆ ಹೆಚ್ಚುವರಿ ಒಂದೂವರೆ ಲಕ್ಷದ ವಿನಾಯಿತಿ ಇದೆ ಅಂತ ಯಾರಾದರೂ ಹೇಳಿದರೆ, ಅದು 2022ರ ಮಾರ್ಚ್‌ವರೆಗೆ ಮಂಜೂರಾದ ಸಾಲಗಳಿಗೆ ಮಾತ್ರ.

ರಿಜಿಸ್ಟ್ರೇಷನ್ ಖರ್ಚಿನಲ್ಲೂ ಮೊದಲ ಮನೆ ಅನ್ನುವ ಕಾಲಂ ಇಲ್ಲ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್, ಸರ್ಚಾರ್ಜ್ ಸೇರಿ ನಗರದಲ್ಲಿ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು 2 ಆಯಿತು. ನಿಮ್ಮ 60 ಲಕ್ಷಕ್ಕೆ 4,56,000. 45 ಲಕ್ಷದೊಳಗಿನ ಹೊಸ ಫ್ಲ್ಯಾಟ್‌ಗಳಿಗೆ ಶುಲ್ಕ ಕಡಿಮೆ ಇದೆ, ಆದರೆ ನಿಮ್ಮದು ಹಳೆಯದು, ಬೆಲೆಯೂ ಹೆಚ್ಚು. 50 ಲಕ್ಷ ದಾಟಿರುವುದರಿಂದ ಮಾರುವವರಿಗೆ ಕೊಡುವ ದುಡ್ಡಿನಲ್ಲಿ ಶೇ 1, ಅಂದರೆ 60,000, ನೀವೇ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಬ್ರೋಕರ್‌ಗಳು ಇದನ್ನು ಹೇಳುವುದೇ ಇಲ್ಲ.

ಅಡ್ವಾನ್ಸ್ ಕೊಡುವ ಮೊದಲು ಇ-ಖಾತಾ (ಪಾಲಿಕೆಯ ಆನ್‌ಲೈನ್ ಆಸ್ತಿ ದಾಖಲೆ) ಕೇಳಿ, 2024ರ ಕೊನೆಯಿಂದ ಅದಿಲ್ಲದೆ ಬೆಂಗಳೂರಿನಲ್ಲಿ ರಿಜಿಸ್ಟರ್ ಆಗುವುದಿಲ್ಲ. ಜೊತೆಗೆ ಹಿಂದಿನ ವರ್ಷಗಳ ಕಂದಾಯದ ರಸೀದಿಗಳನ್ನೆಲ್ಲ ಈಸಿಕೊಂಡು, ಬಾಕಿ ಇದ್ದರೆ ಮಾರುವವರೇ ತೀರಿಸಬೇಕು ಅಂತ ಕ್ರಯದ ಕರಾರಿನಲ್ಲೇ ಬರೆಸಿ. ಬಾಕಿ ಆಸ್ತಿಯ ಮೇಲಿರುತ್ತದೆ, ನೋಟಿಸ್ ಬರುವಾಗ ಬಾಗಿಲಲ್ಲಿ ನಿಮ್ಮ ಹೆಸರಿರುತ್ತದೆ. ಆಮೇಲೆ ಪ್ರತಿ ವರ್ಷ ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿಬಿಡಿ, ಶೇ 5 ಬಿಡುತ್ತಾರೆ. ನಿಮಗೆ ಸಿಗುವ ರಿಯಾಯಿತಿ ಅದೊಂದೇ.